ಹೊಸಕೋಟೆಯಲ್ಲಿ ಕಾರಿನ ಮುಖ ತೊಳೆದದ್ದು

ಬೆಂಗಳೂರಿನಿಂದ ಕೋಲಾರದ ಕಡೆಗೆ ಹೊರಟರೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಸಿಗುವ ಊರು ಹೊಸಕೋಟೆ. ಹಳಬರ ಬಾಯಲ್ಲಿ ಇದು ಮದ್ರಾಸ್ ರಸ್ತೆಯ ಊರು. 1595ರ ಸುಮಾರಿಗೆ ಸುಗಟೂರಿನ ಪಾಳೇಗಾರ ತಮ್ಮೇಗೌಡ ಇಲ್ಲಿ ಕೋಟೆ ಕಟ್ಟಿಸಿದ. ಕೋಲಾರದಲ್ಲಿ ಹಳೆಯ ಕೋಟೆ ಇದ್ದುದರಿಂದ ಇದು ‘ಹೊಸ ಕೋಟೆ’ಯಾಯಿತು. ಹೊಸತೆಂಬ ಹೆಸರಿಗೇ ಈಗ ನಾನೂರು ವರ್ಷ ದಾಟಿದೆ! ಅವಿಮುಕ್ತೇಶ್ವರನ ಗುಡಿ, ಊರ ಪಕ್ಕದ ದೊಡ್ಡ ಕೆರೆ, ಬೆಳಗಿನ ಜಾವಕ್ಕೇ ಹಬೆಯಾಡುವ ಬಿರಿಯಾನಿ, ಇವೆಲ್ಲ ಬೆಂಗಳೂರಿನವರಿಗೂ ಗೊತ್ತು.

ಇದು ವಾಹನಗಳ ಊರೂ ಹೌದು. ವೋಲ್ವೊ ಲಾರಿಗಳು, ಬಸ್ಸುಗಳು ಈ ತಾಲ್ಲೂಕಿನಲ್ಲೇ ತಯಾರಾಗುತ್ತವೆ. ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ. ಇಷ್ಟೊಂದು ಗಾಡಿ ಓಡಾಡುವ ಕಡೆ ಅವುಗಳ ಮೈ ತೊಳೆಯುವವರೂ ಇರಬೇಕಲ್ಲ? ಹೆದ್ದಾರಿಯ ಬದಿಯಲ್ಲಿ ಅಲ್ಲಲ್ಲಿ ‘ವಾಟರ್ ಸರ್ವಿಸ್’ ಎಂಬ ಬೋರ್ಡು ಕಾಣುತ್ತದೆ. ನಾನು ಹೇಳಹೊರಟಿರುವುದು ಅಂಥದೊಂದು ಜಾಗದಲ್ಲಿ ಕಲಿತ ಪಾಠವನ್ನು.

ಮೇ ತಿಂಗಳು, ಮೊದಲ ಮಳೆ ಬಿದ್ದ ಸಂಜೆ. ಮುಳಬಾಗಿಲಿನ ನೆಂಟರ ಮನೆಯಿಂದ ಮಗನ ಹೊಸ ಕೆಂಪು ಕಾರಿನಲ್ಲಿ ಹಿಂತಿರುಗುತ್ತಿದ್ದೆವು. ಮಳೆ ನಿಂತದ್ದೇ ತಡ, ನೆಲದೊಳಗಿಂದ ಈಸಲುಹುಳುಗಳು ಎದ್ದವು. ನಿಮಗೆ ಗೊತ್ತಿರಬೇಕು, ಮಕ್ಕಳೇ, ಇವು ಗೆದ್ದಲುಗಳೇ. ಹೊಸ ಗೂಡು ಕಟ್ಟಲು ರೆಕ್ಕೆ ಪಡೆದು ಹೊರಡುತ್ತವೆ. ಹೆಡ್‌ಲೈಟಿನ ಬೆಳಕಿಗೆ ಸಾವಿರಗಟ್ಟಲೆ ಬಂದು ಬಡಿದವು. ಹೊಸಕೋಟೆಯ ತಂಗಿಯ ಮನೆ ಸೇರುವ ಹೊತ್ತಿಗೆ ಬಂಪರ್, ಬಾನೆಟ್, ಮುಂದಿನ ಗಾಜು ಎಲ್ಲಾ ಕಡೆ ರೆಕ್ಕೆ, ಕಾಲು, ಅಂಟು. ಅದರ ಮೇಲೆ ಕೆಂಪುಮಣ್ಣಿನ ಕೆಸರು.

ಬೆಳಿಗ್ಗೆ ಎದ್ದಾಗ ಎಲ್ಲ ಒಣಗಿ ಹಪ್ಪಳವಾಗಿತ್ತು. ಆರನೇ ಕ್ಲಾಸಿನ ಮೊಮ್ಮಗ ತಂಗಿಯ ಅಡುಗೆಮನೆಯಿಂದ ಪಾತ್ರೆ ಉಜ್ಜುವ ಸ್ಟೀಲ್ ನಾರು ಹಿಡಿದು ಹೊರಟಿದ್ದ. ಎದುರಿನ ವಾಟರ್ ಸರ್ವಿಸಿನ ಯಜಮಾನರು ಅಲ್ಲಿಂದಲೇ ಕೂಗಿದರು: “ಲೋ ಮರಿ, ನಿಲ್ಲಪ್ಪ! ಅದರಲ್ಲಿ ಉಜ್ಜಿದರೆ ಹುಳದ ಜೊತೆ ಬಣ್ಣಾನೂ ಬರುತ್ತೆ!”

ಅವರು ನಮ್ಮನ್ನು ಕರೆದು, ಮೂಲೆಯಲ್ಲಿ ನಿಂತಿದ್ದ ಒಂದು ಕಪ್ಪು ಕಾರಿನ ಬಾನೆಟ್ ತೋರಿಸಿದರು. ತೊಳೆದು ಒರೆಸಿ ಫಳಫಳ ಅನ್ನುತ್ತಿತ್ತು. ಆದರೆ ಓರೆಯಾಗಿ ನೋಡಿದರೆ ಅಲ್ಲಲ್ಲಿ ಮಂಕು ಚುಕ್ಕಿಗಳು. “ಹುಳ ಹೋಗಿ ತಿಂಗಳಾಯ್ತಮ್ಮ. ಅದರ ಗುರುತು ಮಾತ್ರ ಹೋಗಲಿಲ್ಲ. ತೊಳೆದರೆ ಹೋಗೋ ಕಲೆ ಅಲ್ಲ ಇದು, ಬಣ್ಣಕ್ಕೇ ಬಿದ್ದಿರೋ ಗಾಯ,” ಎಂದರು.

ಇದು ಹೇಗಾಗುತ್ತದೆ? ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಳಪೆಲ್ಲ ಈ ಕೊನೆಯ ಪದರದ್ದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು! ಹುಳುವಿನ ಮೈಯೊಳಗಿನ ರಸದಲ್ಲಿ ಪ್ರೋಟೀನು, ಕಿಣ್ವಗಳು, ಒಂದಿಷ್ಟು ಆಮ್ಲ ಇರುತ್ತವೆ. ಬಿಸಿಲಿಗೆ ನಿಂತ ಕಾರಿನ ಬಾನೆಟ್ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ಕಾವಿಗೆ ರಸ ಒಣಗಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಮೆತ್ತಗಾದ ಕ್ಲಿಯರ್ ಕೋಟನ್ನು ನಿಧಾನವಾಗಿ ಕೊರೆಯುತ್ತದೆ. ಹಕ್ಕಿಯ ಹಿಕ್ಕೆಯೂ ಹೀಗೆಯೇ, ಅದರಲ್ಲಿರುವುದು ಯೂರಿಕ್ ಆಮ್ಲ.

ಹೊಸಕೋಟೆಯಂಥ ಕೆರೆಯ ಊರಿಗೆ ಹೊಂದುವ ಇನ್ನೊಂದು ಸೋಜಿಗವಿದೆ. ನೀರಿನ ಮೇಲೆ ಮೊಟ್ಟೆಯಿಡುವ ಏರೋಪ್ಲೇನ್ ಚಿಟ್ಟೆಗಳು ಕೆಲವೊಮ್ಮೆ ಹೊಳೆಯುವ ಕಾರನ್ನೇ ನೀರೆಂದು ಭ್ರಮಿಸಿ ಅದರ ಮೇಲೆ ಮೊಟ್ಟೆ ಇಟ್ಟುಬಿಡುತ್ತವೆ. ಕೆಂಪು ಮತ್ತು ಗಾಢ ಬಣ್ಣದ ಕಾರುಗಳಿಂದ ಪ್ರತಿಫಲಿಸುವ ಬೆಳಕು ನೀರಿನಿಂದ ಬರುವ ಬೆಳಕನ್ನು ಹೋಲುತ್ತದೆ ಎಂದು ಹಂಗೆರಿಯ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಬಿಸಿಲಿಗೆ ಕಾದ ಆ ಮೊಟ್ಟೆಗಳಿಂದ ಆಮ್ಲ ಹುಟ್ಟಿ ಬಣ್ಣ ಹಾಳಾಗುವುದನ್ನು ಬ್ರೆಜಿಲ್‌ನವರು ಅದಕ್ಕೂ ಮೊದಲೇ ಕಂಡುಕೊಂಡಿದ್ದರು. ಪಾಪ, ಮೊಟ್ಟೆಯೂ ಹೋಯಿತು, ಬಣ್ಣವೂ ಹೋಯಿತು.

ಸರಿ, ಈಗ ತೊಳೆಯುವ ಬಗೆ. ಯಜಮಾನರು ಮೊದಲು ಕಾರನ್ನು ಹುಣಸೆಮರದ ನೆರಳಿಗೆ ತರಿಸಿದರು. ಬಾನೆಟ್ಟಿಗೆ ಅಂಗೈಯ ಹಿಂಬದಿ ಇಟ್ಟು ತಣ್ಣಗಿದೆಯೇ ಎಂದು ನೋಡಿದರು. ಕಾದ ಮೈಮೇಲೆ ಸೋಪಿನ ನೀರು ಬಿದ್ದರೆ ಕ್ಷಣದಲ್ಲಿ ಒಣಗಿ ಅದೇ ಕಲೆಯಾಗುತ್ತದಂತೆ. ಆಮೇಲೆ ಬರೀ ನೀರು ಹಾಯಿಸಿ ಕೆಸರನ್ನೆಲ್ಲ ಇಳಿಸಿದರು. ಇದನ್ನು ಬಿಟ್ಟು ನೇರ ಬಟ್ಟೆಯಿಂದ ಒರೆಸುವಂತಿಲ್ಲ. ನಮ್ಮ ಸೀಮೆಯ ಮಣ್ಣಿನಲ್ಲಿ ಕಲ್ಲುಬಂಡೆ ಸವೆದು ಬಂದ ಸಣ್ಣ ಸಣ್ಣ ಹರಳುಗಳಿರುತ್ತವೆ. ಅವು ಗಾಜನ್ನೇ ಗೀರುವಷ್ಟು ಗಡುಸು. ಬಟ್ಟೆಗೆ ಸಿಕ್ಕಿಕೊಂಡರೆ ಅದು ಬಟ್ಟೆಯಲ್ಲ, ಉಪ್ಪುಕಾಗದ!

ನಂತರ ಕಾರಿನ ಶಾಂಪೂ ಬೆರೆಸಿದ ನೀರಲ್ಲಿ ಹಳೆಯ ಮೆತ್ತನೆಯ ಟವೆಲ್ ಅದ್ದಿ, ಹುಳು ಕಚ್ಚಿದ ಕಡೆಯೆಲ್ಲ ಹೊದಿಸಿ ಸುಮ್ಮನೆ ಕೂತರು.

“ಉಜ್ಜಲ್ವಾ, ಅಂಕಲ್?” ಎಂದ ಮೊಮ್ಮಗ.

“ನಿಮ್ಮ ಅಜ್ಜೀನ ಕೇಳು. ಮುದ್ದೆ ತೊಳಸಿದ ಪಾತ್ರೆ ಏನ್ ಮಾಡ್ತಾರೆ?”

ನನಗೆ ನಗು ಬಂತು. ಮುದ್ದೆ ಪಾತ್ರೆಯನ್ನು ಒಣಗಿದ ಮೇಲೆ ಕೆರೆಯಲು ಹೋದರೆ ಕೈಯೇ ಬಿದ್ದುಹೋದೀತು. ನೀರು ಹಾಕಿಟ್ಟರೆ ಸೀಕು ತಾನಾಗಿ ಎದ್ದುಬರುತ್ತದೆ. ಅದೇ ವಿದ್ಯೆ ಇಲ್ಲೂ. ಹತ್ತು ಹದಿನೈದು ನಿಮಿಷ ಬಿಟ್ಟು, ಟವೆಲ್ ಒಣಗುವ ಮೊದಲೇ ತೆಗೆದು, ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಮುಕ್ಕಾಲು ಪಾಲು ಹುಳು ಜಾರಿಹೋಯಿತು. ಉಳಿದದ್ದಕ್ಕೆ ಬಲ ಹಾಕಲಿಲ್ಲ, ಮತ್ತೊಮ್ಮೆ ನೆನೆಸಿದರು. ಬಟ್ಟೆ ಅದ್ದಲು ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆಯ ಕೊಳೆ ಬಿಡಿಸಲು ಬರೀ ನೀರು. ತೊಳೆದದ್ದು ಮೇಲಿನಿಂದ ಕೆಳಕ್ಕೆ, ಹೆಚ್ಚು ಕೊಳೆಯಿರುವ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆಯದೇ ಬಟ್ಟೆ.

ಬಟ್ಟೆಯ ಸೋಪುಪುಡಿ, ಪಾತ್ರೆ ತೊಳೆಯುವ ದ್ರವ ಬೇಡ ಎಂದರು. ಅವು ಬಣ್ಣದ ಮೇಲಿರುವ ವ್ಯಾಕ್ಸನ್ನೂ ತೊಳೆದುಹಾಕುತ್ತವೆ. ಪೆಟ್ರೋಲ್, ತಿನ್ನರ್ ಅಂತೂ ಹತ್ತಿರವೂ ಸುಳಿಯಬಾರದು, ಬಣ್ಣಕ್ಕೂ ಕೆಟ್ಟದ್ದು, ಬೆಂಕಿಯ ಭಯವೂ ಇದೆ. ಡಾಂಬರು ಅಂಟಿದ್ದರೆ ಅದಕ್ಕೆಂದೇ ಸಿಗುವ ದ್ರವವನ್ನು ಕಾಣದ ಮೂಲೆಯಲ್ಲಿ ಒಂದಿಷ್ಟು ಹಚ್ಚಿ ನೋಡಿ, ಆಮೇಲೆ ಬಳಸಬೇಕು. ಕೊನೆಗೆ ಒಣಬಟ್ಟೆಯಿಂದ ನೀರೆಲ್ಲ ತೆಗೆದರು. ಬೋರ್‌ವೆಲ್ಲಿನ ಗಡಸು ನೀರು ಹಾಗೇ ಒಣಗಿದರೆ, ನೀರು ಕಾಯಿಸುವ ಕಾಯಿಲ್ ಮೇಲೆ ಕಟ್ಟುವಂಥದೇ ಬಿಳಿ ಸುಣ್ಣ ಬಾನೆಟ್ಟಿನ ಮೇಲೂ ಕೂರುತ್ತದೆ. ಒಣಗಿದ ಮೈಗೆ ತೆಳ್ಳಗೆ ವ್ಯಾಕ್ಸ್ ಹಚ್ಚಿದರೆ ಮುಂದಿನ ಸಲದ ಹುಳು ಅಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ.

ಇದಕ್ಕೆ ಹಿಡಿದದ್ದು ನಾಲ್ಕೈದು ಬಕೆಟ್ ನೀರು, ಅಷ್ಟೇ. ನೀರಿನ ಮಾತು ಬಂದಾಗ ಯಜಮಾನರ ದನಿ ತಗ್ಗಿತು. ಪಕ್ಕದ ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. “ಪೈಪ್ ಬಿಟ್ಟುಕೊಂಡು ಅರ್ಧಗಂಟೆ ತೊಳೆಯೋರಿಗೆ ನೆನೆಸೋ ವಿದ್ಯೆ ಗೊತ್ತಿಲ್ಲಮ್ಮ. ಕಾಯೋಕೆ ತಾಳ್ಮೆ ಇಲ್ಲದೋರು ನೀರು ಸುರೀತಾರೆ,” ಎಂದರು. ಕೆರೆಗೆ ಇಳಿಸಿ ಗಾಡಿ ತೊಳೆಯುವುದಂತೂ ಕೂಡದು. ಎಣ್ಣೆ, ಸೋಪು ಎಲ್ಲ ಮೀನು, ಹಕ್ಕಿಗಳ ಬಾಯಿಗೆ ಹೋಗುತ್ತದೆ.

ಅಂದು ಸಂಜೆ ಕೆರೆಯ ಏರಿಯ ಮೇಲೆ ನಡೆದೆವು. ಅಂಬರಗುಬ್ಬಿಗಳು ನೀರಿನ ಮೇಲೆ ಸುಯ್ಯೆಂದು ಹಾರುತ್ತಾ ಬಾಯ್ತುಂಬ ಹುಳು ಹಿಡಿಯುತ್ತಿದ್ದವು. ನಮ್ಮ ಕಾರಿಗೆ ಕೊಳೆಯಾದದ್ದು ಅವಕ್ಕೆ ಊಟ. ಇನ್ನೊಂದು ದೇಶದ ಸಂಗತಿ ಮೊಮ್ಮಗನಿಗೆ ಹೇಳಿದೆ. ಬ್ರಿಟನ್ನಿನಲ್ಲಿ 2004ರಲ್ಲಿ ಸಾವಿರಾರು ಜನ ಕಾರಿನ ನಂಬರ್ ಪ್ಲೇಟಿಗೆ ಒಂದು ಹಾಳೆ ಅಂಟಿಸಿ, ಪ್ರಯಾಣ ಮುಗಿದ ಮೇಲೆ ಅದಕ್ಕೆ ಬಡಿದ ಹುಳುಗಳನ್ನು ಎಣಿಸಿದರು. ಸರಾಸರಿ ಎಂಟು ಕಿಲೋಮೀಟರಿಗೆ ಒಂದೇ ಹುಳು! ಅಲ್ಲಿನ ಕೆಂಟ್ ಎಂಬ ಪ್ರಾಂತ್ಯದಲ್ಲಿ 2019ರಲ್ಲಿ ಮತ್ತೆ ಎಣಿಸಿದಾಗ ಅದೂ ಅರ್ಧಕ್ಕಿಳಿದಿತ್ತು. ಕಾರುಗಳ ಮೂತಿ ಚೊಕ್ಕಟವಾಗುತ್ತಿರುವುದು ಅಲ್ಲಿಯವರಿಗೆ ಚಿಂತೆಯ ವಿಷಯ.

ಹಾಗಾಗಿ ಮಕ್ಕಳೇ, ಊರಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆ, ಅಪ್ಪ ಬಕೆಟ್ ತರುವ ಮುನ್ನ, ನಿಂತ ಕಾರಿನ ನಂಬರ್ ಪ್ಲೇಟಿನ ಮೇಲೆ ಎಷ್ಟು ಹುಳುಗಳಿವೆ ಎಂದು ಎಣಿಸಿ. ತಾರೀಕು, ಊರು, ಎಷ್ಟು ಕಿಲೋಮೀಟರ್ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ದಾರಿಯಲ್ಲಿ ಮತ್ತೆ ಎಣಿಸಿ. ಲೆಕ್ಕ ಮುಗಿದ ಮೇಲೆ ನೆನೆಸಿ, ಕಾದು, ಹಗುರವಾಗಿ ಒರೆಸಿ.