ಹೆಸರಿಲ್ಲದ ಕಸುಬು

ಕಡಲನ್ನೇ ಕಾಣದ ಸೀಮೆಯಲ್ಲಿ ಕುಳಿತು ಕಡಲ ಏಡಿಯ ವಿಚಾರ ತೆಗೆದರೆ ವಾಚಕರಿಗೆ ನಗು ಬಂದೀತು. ನಮ್ಮದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ. 2021ರಿಂದ ಈ ಐದೂ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆ ಹೊಸದು, ಬಿಸಿಲು ಮಾತ್ರ ಹಳೆಯದೇ. ಜೋಳ, ಶೇಂಗಾ ಬೆಳೆಯುವ ನೆಲ. ಹತ್ತಿರದ ಕಡಲಿಗೂ ನಮಗೂ ನಡುವೆ ಇಡೀ ಸಹ್ಯಾದ್ರಿಯೇ ಅಡ್ಡ ಮಲಗಿದೆ. ಆದರೂ ಹಡಗಲಿಯ ಹೆಸರಿನಲ್ಲಿ ಒಂದು ಹಡಗು ಉಂಟಲ್ಲ! ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂವು ತುಂಗಭದ್ರೆಯ ಮೇಲೆ ಹಡಗೇರಿ ಹಂಪೆಗೆ ಹೋಗುತ್ತಿತ್ತು, ಅದಕ್ಕೇ ಊರಿಗೆ ಹೂವಿನ ಹಡಗಲಿ ಎಂದು ಹೆಸರಾಯಿತು ಎಂದು ಜನ ಹೇಳುವುದುಂಟು. ವ್ಯಾಕರಣದ ಮೇಷ್ಟರು ಇದನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಮಲ್ಲಿಗೆಯ ಕಂಪು ಅವರ ಒಪ್ಪಿಗೆಗೆ ಕಾಯುವುದೂ ಇಲ್ಲ.

ಒಂದು ದಿನ ಅನುವಾದದ ಪಾಠದಲ್ಲಿ ‘ಲಾಬ್‌ಸ್ಟರ್‌ಮನ್’ ಎಂಬ ಇಂಗ್ಲಿಷ್ ಮಾತು ಬಂತು. ಲಾಬ್‌ಸ್ಟರ್ ಎಂದರೆ ಏಡಿಯ ನೆಂಟ, ಸೀಗಡಿಯ ದೊಡ್ಡಣ್ಣ. ಕಾರವಾರದ ಕಡೆಯ ಕೊಂಕಣಿಯಲ್ಲಿ ಅದರ ಬಳಗಕ್ಕೆ ಶೆವಂಡ ಎನ್ನುತ್ತಾರೆ. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಇದನ್ನು ಹಿಡಿದೇ ಬದುಕುವವರಿದ್ದಾರೆ. ಬೋನಿನೊಳಗೆ ಮೀನಿನ ತುಂಡು ಕಟ್ಟಿ ಕಡಲ ತಳಕ್ಕೆ ಇಳಿಸುತ್ತಾರೆ. ಗುರುತಿಗೆ ಮೇಲೊಂದು ಬುರುಡೆ ತೇಲಬಿಡುತ್ತಾರೆ. ಒಬ್ಬೊಬ್ಬನ ಬುರುಡೆಗೂ ಅವನದೇ ಬಣ್ಣ. ಅಂಥವನನ್ನು ಕನ್ನಡದಲ್ಲಿ ಏನೆನ್ನಬೇಕು?

ತರಗತಿಯಲ್ಲಿ ಉತ್ಸಾಹ ಉಕ್ಕಿತು. ಬಳೆಗಾರ ಇದ್ದ ಮೇಲೆ ‘ಏಡಿಗಾರ’ ಏಕಿರಬಾರದು ಎಂದ ಒಬ್ಬ. ಗಾಣದಿಂದ ಗಾಣಿಗ ಆದಂತೆ ‘ಏಡಿಗ’ ಎಂದಳು ಒಬ್ಬಳು. ಹಿಂದಿನ ಬೆಂಚಿನ ಪಂಡಿತನೊಬ್ಬ ಹಾವಾಡಿಗನನ್ನು ನೆನೆದು ‘ಏಡಿಯಾಡಿಗ’ ಎಂದಾಗ ಎಲ್ಲರೂ ನಕ್ಕೆವು. ಹದಿಮೂರನೆಯ ಶತಮಾನದ ಕೇಶಿರಾಜ ತದ್ಧಿತಕ್ಕೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮಕ್ಕಳು ಅವನ ಮಾನ ಉಳಿಸಿದರೆಂದು ನನಗೂ ಸಂತೋಷವೇ.

ಆಗ ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಊರಿನ ಹುಡುಗನೊಬ್ಬ ಎದ್ದು ನಿಂತ. “ಏಡಿ ಹಿಡಿಯೋರಿಗೆ ನಮ್ಮೂರಾಗ ಹೆಸರಿಲ್ರಿ ಸರ್. ಮಳಿ ಬಂತಂದ್ರ ಹುಡುಗ್ರೆಲ್ಲಾ ಹಿಡೀತಾರ. ಎಲ್ಲಾರೂ ಮಾಡೋ ಕೆಲಸಕ್ಕ ಹೆಸರು ಯಾಕ್ರಿ?” ಎಂದ. ಸ್ವಲ್ಪ ತಡೆದು, “ಹೆಸರಿಲ್ಲದ್ದ ಛಲೋ ಆತ್ರಿ” ಎಂದು ಸೇರಿಸಿದ. ಏಕಪ್ಪಾ ಎಂದು ಕೇಳಿದೆ. “ನಮ್ಮಜ್ಜ ಹರಿಗೋಲು ಹಾಕಿ ಮೀನು ಹಿಡಿತಿದ್ದ. ನಮ್ಮಪ್ಪ ಬೆಂಗಳೂರಾಗ ಗಾರೆ ಕೆಲಸ ಮಾಡ್ತಾನ. ನಾನು ಬಿ.ಎ. ಓದಾಕತ್ತೀನಿ. ಊರಾಗ ಮೂರೂ ಮಂದೀನ ಕರಿಯೋದು ಮಾತ್ರ ಒಂದ ಹೆಸರಿಲೆ.”

ತರಗತಿಯಲ್ಲಿ ನಗು ನಿಂತಿತು.

ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ನನ್ನ ಹಾಜರಿ ಪುಸ್ತಕ ತೆಗೆದು ನೋಡಿದರೆ ಅದೊಂದು ಕಸುಬುಗಳ ಸಂತೆ. ಹೂಗಾರ, ಬಡಿಗೇರ, ಕುಂಬಾರ, ಗಾಣಿಗೇರ, ಅಂಬಿಗೇರ, ಬಾರಿಕರ. ಹೂ ಕಟ್ಟಲು ಬಾರದ ಹೂಗಾರ, ಉಳಿ ಹಿಡಿಯದ ಬಡಿಗೇರ. ತುಂಗಭದ್ರೆಗೆ ಸೇತುವೆಗಳಾದವು, ಅಂಬಿಗನ ಕೂಲಿ ಹೋಯಿತು, ಹೆಸರು ಹೋಗಲಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳವರೆಗೂ ಬಂತು. ನೇಗಿಲು ನಡೆದಲ್ಲಿ ಬಲೆ ಬಿತ್ತು. ನೆಲವೇ ಮುಳುಗಿದರೂ ಮನುಷ್ಯನ ಮೇಲಿನ ಹೆಸರು ಮುಳುಗದೆ ತೇಲುತ್ತಲೇ ಇದೆ.

ಕರಾವಳಿಗೆ ಹೋದರೂ ಸಂಗತಿ ಇದೇ. ಅಲ್ಲಿ ಮೊಗವೀರರಿದ್ದಾರೆ, ಖಾರ್ವಿಗಳಿದ್ದಾರೆ, ಹರಿಕಂತ್ರರಿದ್ದಾರೆ. ಬಲೆಗೆ ಬಂಗಡೆ ಬೀಳಲಿ, ಶೆವಂಡ ಬೀಳಲಿ, ಹೆಸರು ಬದಲಾಗುವುದಿಲ್ಲ. ಏಕೆಂದರೆ ಆ ಹೆಸರು ಬಲೆಯಲ್ಲಿ ಬಿದ್ದದ್ದನ್ನು ನೋಡಿ ಇಟ್ಟದ್ದಲ್ಲ, ಮನುಷ್ಯ ಹುಟ್ಟಿದ ಮನೆಯನ್ನು ನೋಡಿ ಇಟ್ಟದ್ದು. ಮೇನ್ ರಾಜ್ಯದವನು ಮುದುಕನಾಗಿ ದೋಣಿ ಮಾರಿದರೆ ಹೆಸರೂ ದೋಣಿಯ ಜೊತೆಗೇ ಹೋಗುತ್ತದೆ. ಅವನ ಮಗ ವಕೀಲನಾದರೆ ವಕೀಲನೇ. ನಮ್ಮಲ್ಲಿ ದೋಣಿ ಮಾರಬಹುದು, ಹೆಸರನ್ನು ಕೊಳ್ಳುವವರಿಲ್ಲ.

ಹಾಗೆಂದು ಕಸುಬಿನ ಹೆಸರುಗಳೆಲ್ಲ ಸಂಕೋಲೆ ಎಂದರೆ ಅನ್ಯಾಯವಾದೀತು. ಹನ್ನೆರಡನೆಯ ಶತಮಾನದ ಬಹುಪಾಲು ಶರಣರು ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಹೊಳೆ ದಾಟಿಸುವ ಚೌಡಯ್ಯನೊಬ್ಬ ತನ್ನ ಕಸುಬನ್ನೂ ತನ್ನ ಹೆಸರನ್ನೂ ಸೇರಿಸಿ ‘ಅಂಬಿಗರ ಚೌಡಯ್ಯ’ ಎಂದೇ ಎದೆಯೆತ್ತಿ ನುಡಿದ. ಅವನ ನೆನಪನ್ನು ಹೊತ್ತ ಚೌಡದಾನಪುರ ನಮ್ಮ ಹೊಳೆಯ ಆಚೆ ದಂಡೆಯಲ್ಲೇ, ರಾಣೇಬೆನ್ನೂರು ತಾಲ್ಲೂಕಿನಲ್ಲಿದೆ. ಊರು ಅಂಟಿಸಿದ ಹೆಸರಿಗೂ ತಾನೇ ಹಾಕಿದ ಸಹಿಗೂ ಇರುವ ಅಂತರ ಅದು. ಚೌಡಯ್ಯನಿಗೆ ಕಸುಬು ಸಹಿಯಾಯಿತು; ಆ ಹುಡುಗನಿಗೆ ಅಜ್ಜನ ಕಸುಬು ಮುದ್ರೆಯಾಯಿತು.

ಇನ್ನು ಆ ಲಾಬ್‌ಸ್ಟರ್‌ಮನ್ನನ ಗತಿಯೇನು? ‘ಏಡಿಗಾರ’ ವ್ಯಾಕರಣಕ್ಕೆ ಒಪ್ಪುತ್ತದೆ. ಆದರೆ ಆ ‘ಗಾರ’ ನಾಳೆ ಅವನ ಮೊಮ್ಮಗನ ಹಾಜರಿಯಲ್ಲಿ ಬಂದು ಕೂತೀತು ಎಂಬ ಭಯ ನನಗೆ. ನಮ್ಮ ಭಾಷೆಯಲ್ಲಿ ಇನ್ನೊಂದು ದಾರಿಯುಂಟು. ತದ್ಧಿತ ಹುಟ್ಟುವುದು ನಾಮಪದದಿಂದ. ಕೃದಂತ ಹುಟ್ಟುವುದು ಧಾತುವಿನಿಂದ, ಎಂದರೆ ಕೆಲಸದಿಂದಲೇ. ‘ಏಡಿ ಹಿಡಿಯುವವನು’ ಎಂದರೆ ಹಿಡಿಯುವಷ್ಟು ಕಾಲ ಮಾತ್ರ ಹಾಗೆ. ನಾಳೆ ಅವನು ನೆಯ್ಯುವವನಾದಾನು, ಓದಿಸುವವನಾದಾನು. ಹೆಂಗಸಾದರೆ ‘ಹಿಡಿಯುವವಳು’ ಎಂದರಾಯಿತು. ಇಂಗ್ಲಿಷಿನ ‘ಮನ್’ನ ತೊಡಕೂ ಇಲ್ಲ.

ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ಪೂರ್ತಿ ಅಂಕ ಕೊಡುತ್ತೇನೆ. ಒಂದು ಪದದ ಜಾಗದಲ್ಲಿ ಎರಡು ಪದವಾಯಿತಲ್ಲ ಎಂದು ಬೇರೆ ಪರೀಕ್ಷಕರು ಗೊಣಗಬಹುದು. ಗೊಣಗಲಿ. ಆ ಎರಡರ ನಡುವಿನ ತೆರಪಿನಲ್ಲಿ ಒಬ್ಬ ಮನುಷ್ಯ ಮಗ್ಗುಲು ಬದಲಿಸುವಷ್ಟಾದರೂ ಜಾಗವಿದೆ.