ತಮ್ಮನಿಗೆ ನಾನು ಟೀಚರ್ ಆದಾಗ

ಹಾಯಿದೋಣಿಯಲ್ಲೇ ಸಂಸಾರ ಮಾಡುತ್ತಾ, ಚಿಕ್ಕ ಮಕ್ಕಳಿಗೆ ತಂದೆತಾಯಿಯೇ ಪಾಠ ಹೇಳಿಕೊಡುವ ಕುಟುಂಬಗಳಿವೆ ಎಂದು ಇತ್ತೀಚೆಗೆ ಓದಿದೆ. ಆಗ ನನಗೆ ಹೆಡತಲೆಯ ನಮ್ಮ ಮನೆ ನೆನಪಾಯಿತು.

2020ರಲ್ಲಿ ನನ್ನ ತಮ್ಮ ಒಂದನೇ ತರಗತಿಗೆ ಸೇರಬೇಕಿತ್ತು. ಕೊರೊನಾದಿಂದ ಶಾಲೆ ತೆರೆಯಲಿಲ್ಲ. ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮವೂ ಅಕ್ಟೋಬರ್‌ನಲ್ಲಿ ನಿಂತಿತು. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಎಂಟನೇ ತರಗತಿಯ ನಾನೇ ಟೀಚರ್ ಆದೆ.

ಬೆಳಿಗ್ಗೆ ಅಮ್ಮಿ ಅಲಿಫ್, ಬೇ ಬರೆಸುತ್ತಿದ್ದರು. ಮಧ್ಯಾಹ್ನ ನಾನು ಅ, ಆ ಬರೆಸುತ್ತಿದ್ದೆ. "ಆಪಾ, ಈಗ ಯಾವ ಕಡೆಯಿಂದ ಬರೀಬೇಕು?" ಎಂದು ದಿನವೂ ಕೇಳುತ್ತಿದ್ದ. ಕೂಡುವ ಲೆಕ್ಕವನ್ನು ಹುಣಸೆ ಬೀಜಗಳಲ್ಲಿ ಕಲಿಸಿದೆ. ಬಸ್ಸಿನ ಬೋರ್ಡಿನಲ್ಲಿ 'ನಂಜನಗೂಡು' ಎಂದು ಅವನೇ ಓದಿದ ದಿನ ನನಗೆ ಹೆಮ್ಮೆಯೋ ಹೆಮ್ಮೆ.

2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ತೆರೆದವು. ತಮ್ಮ ನೇರ ಎರಡನೇ ತರಗತಿಗೆ ಹೋದ. ಪಾಠ ಸರಾಗವಾಗಿ ಓದಿದನಂತೆ. ಆದರೆ "ಊಟಕ್ಕೆ ಏನು ತಿಂದೆ?" ಎಂದು ಟೀಚರ್ ಕೇಳಿದಾಗ ಸುಮ್ಮನೆ ನಿಂತನಂತೆ. ಮನೆಗೆ ಬಂದು ಅತ್ತ. ತಪ್ಪು ನನ್ನದೇ. ಕನ್ನಡ ಅಕ್ಷರ ಕಲಿಸಿದ್ದೆ, ಅರ್ಥವನ್ನೆಲ್ಲ ಉರ್ದುವಿನಲ್ಲಿ ಹೇಳಿದ್ದೆ. ಒಂದು ದಿನವೂ ಅವನ ಜೊತೆ ಕನ್ನಡದಲ್ಲಿ ಮಾತಾಡಿರಲಿಲ್ಲ.

ಅವನಿಗೆ ಮಾತು ಬಂದದ್ದು ಶಾಲೆಯ ಬಯಲಿನಲ್ಲಿ, ಗೋಲಿಯಾಟದ ಜಗಳದಲ್ಲಿ. ಓದು ಬರಹವನ್ನು ಮನೆಯಲ್ಲೂ ಕಲಿಸಬಹುದು, ದೋಣಿಯಲ್ಲೂ ಕಲಿಸಬಹುದು. ಜೊತೆಗೆ ಆಡುವ ಮಕ್ಕಳನ್ನು ಎಲ್ಲಿಂದ ತರುವುದು?

ಈಗ ನಾನು 'ಹಳ್ಳಿ'ಯನ್ನು 'ಹಲ್ಲಿ' ಎಂದರೆ ಅವನೇ ತಿದ್ದುತ್ತಾನೆ.