ಕಾಲಲ್ಲಿ ಒತ್ತುವ ಡಬ್ಬಕ್ಕೆ ಎಷ್ಟು ಡಾಲರು?

ಸಂಘದ ಪತ್ರಿಕೆಗೆ ನಾನು ಬರೆದರೆ ಅದು ಕೊಲೆಸ್ಟರಾಲ್ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಇರುತ್ತದೆ ಎಂದು ಹೆಸರು ನೋಡಿದ ಕೂಡಲೇ ಪುಟ ತಿರುಗಿಸುವ ಮಿತ್ರರಿದ್ದಾರೆ. ಅವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಸಲ ಅದಲ್ಲ. ಈ ಸಲದ ವಿಷಯ ಎಲೆಕ್ಟ್ರಿಕ್ ಗಿಟಾರ್. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂರುವ, ಕಾಲಿನಿಂದ ಒತ್ತುವ, ಸೋಪಿನ ಡಬ್ಬದಷ್ಟು ದೊಡ್ಡ ಲೋಹದ ಪೆಟ್ಟಿಗೆ. ಅದರ ಹೆಸರು ಡಿಸ್ಟಾರ್ಷನ್ ಪೆಡಲ್. ನಮ್ಮ ಸದಸ್ಯರಲ್ಲಿ ಹದಿಹರೆಯದ ಮಕ್ಕಳಿರುವ ಏಳೆಂಟು ಮನೆಗಳ ಬೇಸ್‌ಮೆಂಟಿನಲ್ಲಾದರೂ ಇದು ಇದೆ. ಪಾಟ್‌ಲಕ್‌ಗೆ ಬಂದಾಗ ಅದರ ಸದ್ದು ನನಗೆ ಡ್ರೈವ್‌ವೇಯಲ್ಲೇ ಕೇಳಿಸಿದೆ.

ಈ ಪೆಟ್ಟಿಗೆ ಅಂಗಡಿಯಲ್ಲಿ ನೂರು ಡಾಲರಿಗೂ ಕಡಿಮೆಗೆ ಸಿಗುತ್ತದೆ. ಅದೇ ಅಂಗಡಿಯ ಗಾಜಿನ ಬೀರುವಿನಲ್ಲಿ, ನೋಡಲು ಹೆಚ್ಚು ಕಡಿಮೆ ಹಾಗೆಯೇ ಇರುವ ಇನ್ನೊಂದಕ್ಕೆ 300, 400 ಡಾಲರ್. ಇವಕ್ಕೆ 'ಬೂಟೀಕ್ ಪೆಡಲ್' ಎನ್ನುತ್ತಾರೆ. ಒಬ್ಬಿಬ್ಬರು ಕೂತು ಕೈಯಿಂದಲೇ ಬೆಸುಗೆ ಹಾಕಿ, ಸಣ್ಣ ಸಂಖ್ಯೆಯಲ್ಲಿ ಮಾಡುವಂಥವು. (ಬೂಟೀಕ್ ಎಂದರೆ ಸೀರೆ ಅಂಗಡಿ ಮಾತ್ರ ಎಂದುಕೊಂಡಿದ್ದೆ.) ನನ್ನ ಮಗ ಬೇಸಿಗೆ ರಜೆಯಲ್ಲಿ ದಿನಸಿ ಅಂಗಡಿಯಲ್ಲಿ ಚೀಲ ತುಂಬುವ ಕೆಲಸ ಮಾಡಿ 400 ಡಾಲರ್ ಕೂಡಿಟ್ಟಿದ್ದ. ಅಷ್ಟನ್ನೂ ಇಂಥದ್ದೊಂದಕ್ಕೆ ಸುರಿಯುತ್ತೇನೆ ಅಂದ. ಅವನ ದುಡ್ಡು, ಅವನ ಬೆವರು, ನಿಜ. ಆದರೂ ಹಾಸ್ಟೆಲ್ ಮೆಸ್ಸಿನ ಬಿಲ್ಲನ್ನು ರೂಪಾಯಿ ರೂಪಾಯಿ ಲೆಕ್ಕ ಹಾಕಿ ಕಟ್ಟಿ ಎಂಬಿಬಿಎಸ್ ಮುಗಿಸಿದವನ ಹೊಟ್ಟೆಯೊಳಗೆ ಏನೋ ತಿರುಚಿದಂತಾಯಿತು. 'ಬೇಡ' ಅನ್ನಲಿಲ್ಲ. 'ಪರೀಕ್ಷೆ ಮಾಡಿ ನೋಡೋಣ' ಅಂದೆ. ವೃತ್ತಿಯ ಚಾಳಿ, ಬಿಡುವುದು ಕಷ್ಟ.

ಪೆಟ್ಟಿಗೆಯೊಳಗೆ ನಡೆಯುವುದೇನೆಂದು ಸ್ವಲ್ಪ ಹೇಳಲೇಬೇಕು. ಗಿಟಾರಿನ ತಂತಿಯ ಕೆಳಗಿರುವ ಪಿಕಪ್‌ನಿಂದ ಬರುವ ವಿದ್ಯುತ್ತು ಸಾಮಾನ್ಯವಾಗಿ ಒಂದು ವೋಲ್ಟಿಗೂ ಕಡಿಮೆ. ಪೆಡಲಿನಲ್ಲಿರುವ ಚಿಪ್ ಅದನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಹಿಗ್ಗಿದ ಅಲೆಗೆ ಎರಡು ಡಯೋಡುಗಳು ಅಡ್ಡ ನಿಂತು, ಇಷ್ಟರ ಮೇಲೆ ಹೋಗಕೂಡದು ಎಂದು ತಲೆ ಸವರಿಬಿಡುತ್ತವೆ. ಜರ್ಮೇನಿಯಮ್ ಡಯೋಡ್ ಸುಮಾರು 0.3 ವೋಲ್ಟಿಗೆ ಈ ಕೆಲಸ ಶುರು ಮಾಡಿದರೆ, ಸಿಲಿಕಾನ್ ಡಯೋಡ್ ಸುಮಾರು 0.6ಕ್ಕೆ. ದುಂಡಗಿದ್ದ ಅಲೆ ಚಪ್ಪಟೆಯಾಗುತ್ತದೆ. ಇಸಿಜಿಯಲ್ಲಿ ಗೇನ್ ಮಿತಿಮೀರಿದಾಗ ಅಲೆಯ ತುದಿ ಕತ್ತರಿಸಿ ಹೋಗುವುದನ್ನು ಕಂಡವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದೇ ಇದು. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಜೊತೆಗೆ ಅದರ ಮೂರರಷ್ಟು, ಐದರಷ್ಟು ಕಂಪನದ ಉಪಸ್ವರಗಳು ಎದ್ದು ಬರುತ್ತವೆ. ಮೇಲೂ ಕೆಳಗೂ ಒಂದೇ ಸಮ ಕತ್ತರಿಸದಿದ್ದರೆ ಎರಡರಷ್ಟು, ನಾಲ್ಕರಷ್ಟಿನವೂ ಸೇರಿಕೊಳ್ಳುತ್ತವೆ. ಆ ಗೊರಗೊರ, ಆ ಕಾವು, ಎಲ್ಲ ಇದರಿಂದ.

ಹುಟ್ಟಿದ್ದೂ ಕಾಯಿಲೆಯಿಂದಲೇ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಅವರ ಒಂದು ಹಾಡನ್ನು ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿಕೊಳ್ಳುವಾಗ ಮಿಕ್ಸರಿನ ಒಂದು ಭಾಗ ಕೆಟ್ಟು, ಬೇಸ್ ಗಿಟಾರಿನ ನಾದ ಒಡೆದು ಬಂತು. ಅದನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡರು. ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ನಾದವನ್ನೇ ಬೇಕೆಂದಾಗ ಬರಿಸುವ ಸರ್ಕೀಟ್ ಮಾಡಿದರು. ಅದು 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಎಂಬ ಪೆಡಲಾಗಿ ಅಂಗಡಿಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನು ಒತ್ತಿದ ಮೇಲೆ ಲೋಕವೇ ಅದರ ಹಿಂದೆ ಬಿತ್ತು. ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಯಾವ ಪೆಡಲೂ ಇಲ್ಲದೆ, ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಇದೇ ಪರಿಣಾಮ ತಂದಿದ್ದ. ಖರ್ಚು ಒಂದು ಬ್ಲೇಡು.

ಮೈಸೂರಿನಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಲ್ವೋ, ನಾದ ಕೆಡಿಸೋದಕ್ಕೂ ದುಡ್ಡು ಕೊಡ್ತಾರೇನೋ?" ಅಂದರು. ಅವರು ತಂಬೂರಿ ಮೀಟಿಕೊಂಡು ಹಾಡುವವರು. "ಅಮ್ಮಾ, ತಂಬೂರಿಯ ಕುದುರೆ ಮೇಲೆ, ತಂತಿ ಕೆಳಗೆ ದಾರದ ಎಳೆ ಯಾಕೆ ಸೇರಿಸ್ತೀಯ?" ಎಂದು ಕೇಳಿದೆ. "ಅದಿಲ್ಲದಿದ್ರೆ ನಾದಕ್ಕೆ ಜೀವ ಎಲ್ಲಿ ಬರುತ್ತೆ?" ಅಂದರು. ಇದೂ ಅದೇ. ದಾರವಿದ್ದಾಗ ತಂತಿ ಅಗಲವಾದ ಕುದುರೆಯನ್ನು ಸವರಿಕೊಂಡು ಕಂಪಿಸುತ್ತದೆ, ಉಪಸ್ವರಗಳು ಝೇಂಕರಿಸುತ್ತವೆ. ಮುಂದೆ ಬೆಂಗಳೂರಿನವರೇ ಆಗಿಹೋದ ಸಿ.ವಿ. ರಾಮನ್ ಅವರು 1921ರಲ್ಲೇ ವೀಣೆ ತಂಬೂರಿಗಳ ಈ ಗುಣದ ಬಗ್ಗೆ ಪ್ರಬಂಧ ಬರೆದಿದ್ದರು. ದಾರದ ಬೆಲೆ ಕೇಳಿದರೆ ನನ್ನ ತಾಯಿ ನಗುತ್ತಾರೆ. ಅದನ್ನು ಸರಿಯಾದ ಜಾಗಕ್ಕೆ ಸರಿಸುವುದು ಮಾತ್ರ ಎಲ್ಲರ ಕೈಲಿ ಆಗುವ ಕೆಲಸವಲ್ಲ.

ಇನ್ನು ಬೆಲೆಯ ಕಥೆ. ಬೂಟೀಕ್ ಪೆಡಲುಗಳ ಪೈಕಿ ದಂತಕಥೆಯಾದದ್ದು ಕ್ಲಾನ್ ಸೆಂಟಾರ್. ಬಾಸ್ಟನ್ ಕಡೆಯ ಬಿಲ್ ಫಿನೆಗನ್ ಎಂಬುವರು 1994ರ ಕೊನೆಯಿಂದ ಸುಮಾರು ಹದಿನಾಲ್ಕು ವರ್ಷ ಇದನ್ನು ಕೈಯಿಂದ ಜೋಡಿಸಿ ಮಾರಿದರು, ಎಲ್ಲ ಸೇರಿ 8000ದಷ್ಟು. ಕೊನೆಕೊನೆಗೆ ಹೊಸದರ ಬೆಲೆ 300 ಡಾಲರಿನ ಆಸುಪಾಸು ಇತ್ತು. ಮಾಡುವುದು ನಿಂತ ಮೇಲೆ ಹಳೆಯದರ ಬೆಲೆ ಏರುತ್ತಾ ಹೋಗಿ ಈಗ ಸಾವಿರಾರು ಡಾಲರ್. ಯಾರೂ ನಕಲು ಮಾಡಬಾರದೆಂದು ಫಿನೆಗನ್ ಒಳಗಿನ ಸರ್ಕೀಟಿನ ಮೇಲೆ ಗಟ್ಟಿಯಾದ ಎಪಾಕ್ಸಿ ಅಂಟು ಸುರಿದಿದ್ದರು. ಬಿಡುವವರುಂಟೇ? ಅಂಟನ್ನು ಕೆರೆದು ತೆಗೆದು, ಒಂದೊಂದು ಭಾಗವನ್ನೂ ಅಳೆದು ನಕ್ಷೆ ಬರೆದರು. ಈಗ ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನವರ ಸೋಲ್ ಫುಡ್ ಮೊದಲಾದ ಅಗ್ಗದ ರೂಪಗಳು ಬೇಕಾದಷ್ಟಿವೆ. ಇತ್ತ 400 ಡಾಲರಿನ ಬೂಟೀಕ್ ರೂಪಗಳೂ ಇವೆ, ನನ್ನ ಮಗನ ಕಣ್ಣು ಬಿದ್ದದ್ದು ಅಂಥದ್ದೊಂದರ ಮೇಲೆ. 2012ರಲ್ಲಿ ಫಿನೆಗನ್ ಹೊಸದೊಂದನ್ನು ಕಾರ್ಖಾನೆಯಲ್ಲಿ ಮಾಡಿಸಿದಾಗ, ಈ ಅತಿರೇಕದ ಪ್ರಚಾರ ನನ್ನ ಕೈವಾಡವಲ್ಲ ಎಂಬ ಅರ್ಥದ ಒಂದು ಸಾಲನ್ನು ಪೆಡಲಿನ ಮೇಲೆಯೇ ಅಚ್ಚು ಹಾಕಿಸಿದರು. ಮನುಷ್ಯ ನನಗೆ ಇಷ್ಟವಾದದ್ದು ಅದರಿಂದಲೇ.

ಮಗನ ಗಿಟಾರ್ ಮೇಷ್ಟ್ರ ಬಳಿ ಒಂದು ಅಸಲಿ ಸೆಂಟಾರ್ ಇತ್ತು, ಹೊಸದಾಗಿದ್ದಾಗಲೇ ಕೊಂಡದ್ದು. ಒಂದು ಶನಿವಾರದ ಮಟ್ಟಿಗೆ ಕೊಟ್ಟರು, ಜೊತೆಗೆ ತಾವೂ ಬಂದರು (ನಾನಾಗಿದ್ದರೂ ಬರುತ್ತಿದ್ದೆ). ಸೋಲ್ ಫುಡ್ ಒಂದನ್ನು ಮಗನ ಸ್ನೇಹಿತನಿಂದ ತಂದೆವು. ಎರಡನ್ನೂ ಹಳೆಯ ಬೆಡ್‌ಶೀಟಿನ ಹಿಂದೆ ಇಟ್ಟು, ನಾಣ್ಯ ಚಿಮ್ಮಿ, ಬಿದ್ದದ್ದಕ್ಕೆ ತಕ್ಕಂತೆ ನಾನು ಬದಲಾಯಿಸುವುದು. ಅವನು ನುಡಿಸಿ ಯಾವುದೆಂದು ಹೇಳುವುದು. ಇಪ್ಪತ್ತು ಸಲ.

ಇಲ್ಲಿ ಒಂದು ಎಚ್ಚರ ಬೇಕು. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರ, ತೀರಾ ಮೇಲಿನ ಸ್ವರ ಎರಡೂ ಮಂಕು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಒಂದೆರಡು ಡೆಸಿಬಲ್ ಜಾಸ್ತಿ ಇದ್ದರೂ ಸಾಕು, 'ಜೋರಾಗಿದೆ' ಎಂದು ಅನ್ನಿಸುವುದಿಲ್ಲ, 'ತುಂಬಿಕೊಂಡಿದೆ, ಚೆನ್ನಾಗಿದೆ' ಎಂದು ಅನ್ನಿಸುತ್ತದೆ. ಅಂಗಡಿಯಲ್ಲಿ ಪೆಡಲ್ ಒತ್ತಿ ನೋಡಿ ಮರುಳಾಗುವವರಲ್ಲಿ ಎಷ್ಟೋ ಜನ ಮರುಳಾಗುವುದು ಇದಕ್ಕೇ ಎಂದು ನನ್ನ ಗುಮಾನಿ. ನಾವು ಮೀಟರ್ ಹಿಡಿದು ಎರಡನ್ನೂ ಸಮ ಮಾಡಿದೆವು.

ಇಪ್ಪತ್ತರಲ್ಲಿ ಹನ್ನೊಂದು ಸರಿ. ಕಣ್ಣು ಮುಚ್ಚಿ ನಾಣ್ಯ ಎಸೆದರೂ ಅಷ್ಟು ಬರುತ್ತದೆ. ಮೇಷ್ಟ್ರು ತಾವೂ ಕೂತರು. ಅವರ ಅಂಕ ಇಲ್ಲಿ ಬರೆಯುವುದಿಲ್ಲ, ಮುಂದಿನ ತಿಂಗಳೂ ಪಾಠಕ್ಕೆ ಹೋಗಬೇಕಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಬೆಡ್‌ಶೀಟ್ ತೆಗೆದ ಮೇಲೆ ಮಗ ಸೆಂಟಾರ್ ಒತ್ತಿ, ಅದನ್ನು ನೋಡುತ್ತಲೇ ಹತ್ತು ನಿಮಿಷ ನುಡಿಸಿದ. ಮೇಲೆ ಅಡಿಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದ ನನ್ನಾಕೆ ಮೆಟ್ಟಿಲ ಬಳಿ ಬಂದು, "ರೀ, ಈಗ ನುಡಿಸಿದ್ದು ಚೆನ್ನಾಗಿತ್ತು ಕಣ್ರೀ, ಏನು ಬದಲಾಯಿಸಿದ್ರಿ?" ಎಂದು ಕೇಳಿದಳು. ಬದಲಾಯಿಸಿದ್ದು ಏನೂ ಇಲ್ಲ. ಬದಲಾದದ್ದು ನುಡಿಸುವವನು.

ವೈದ್ಯರಿಗೆ ಇದು ಹೊಸದಲ್ಲ. 2008ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬಂತು. 82 ಜನರಿಗೆ ಕೈಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ನೋವಿಗೆಂದು ಒಂದು ಮಾತ್ರೆ ನುಂಗಿಸಿದರು. ಎಲ್ಲರದ್ದೂ ಔಷಧವಿಲ್ಲದ ಸೊನ್ನೆ ಮಾತ್ರೆಯೇ. ಅರ್ಧ ಜನಕ್ಕೆ ಮಾತ್ರೆಯ ಬೆಲೆ ಎರಡೂವರೆ ಡಾಲರ್ ಎಂದರು, ಉಳಿದವರಿಗೆ ಬೆಲೆ ಇಳಿಸಿ 10 ಸೆಂಟ್ ಮಾಡಿದ್ದಾರೆ ಎಂದರು. ನೋವು ಕಡಿಮೆಯಾಯಿತು ಅಂದವರು ದುಬಾರಿ ಗುಂಪಿನಲ್ಲಿ ನೂರಕ್ಕೆ 85, ಅಗ್ಗದ ಗುಂಪಿನಲ್ಲಿ 61. ನನ್ನ ಕ್ಲಿನಿಕ್ಕಿನಲ್ಲೂ ದಿನಾ ನೋಡುತ್ತೇನೆ. ಜೆನೆರಿಕ್ ಕೊಟ್ಟರೆ 'ಇದು ಹಿಡೀತಾ ಇಲ್ಲ ಡಾಕ್ಟ್ರೇ' ಎನ್ನುವವರು, ಮಾತ್ರೆಯ ಬಣ್ಣ ಬದಲಾಯಿತೆಂದು ಬಿಪಿ ಔಷಧವನ್ನೇ ನಿಲ್ಲಿಸುವವರು. ಅವರಿಗೆ ಸುಳ್ಳು ಹೇಳಿ ಮಾತ್ರೆ ಕೊಡುವ ಹಾಗಿಲ್ಲ, ಹಾಗೆಂದು ಅವರಿಗೆ ಆಗುತ್ತಿರುವ ಅನುಭವ ಸುಳ್ಳೆಂದೂ ಹೇಳುವ ಹಾಗಿಲ್ಲ. ಈಗ ಮನೆಯಲ್ಲೇ ಅಂಥದ್ದೊಂದು ಕೇಸು.

ಅಂಕಪಟ್ಟಿಯನ್ನು ಮಗನ ಮುಂದಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಾಯ್ತು ಅಪ್ಪಾ. ಆದ್ರೂ ಅದನ್ನ ಒತ್ತಿದಾಗ ನಂಗೆ ಧೈರ್ಯ ಬರುತ್ತೆ" ಅಂದ. ನಾಲ್ಕು ಜನರ ಮುಂದೆ ನಿಂತು ಮಾತಾಡಲು ಇನ್ನೂ ನಾಚುವ ಹುಡುಗ ಅವನು. ಗಿಟಾರ್ ಕೊರಳಿಗೆ ಬಿದ್ದರೆ ಮಾತ್ರ ತಲೆ ಎತ್ತುತ್ತಾನೆ. ಧೈರ್ಯಕ್ಕೆ ಎಷ್ಟು ಡಾಲರ್ ಎಂದು ಯಾವ ತಂದೆ ಚೌಕಾಸಿ ಮಾಡುತ್ತಾನೆ? ನಾನು ಮಾತು ಹುಡುಕುತ್ತಿರುವಾಗಲೇ ನನ್ನಾಕೆ, "ನಿಮ್ಮ ಸ್ಟೆತಸ್ಕೋಪಿಗೆ ಆವಾಗ ಎಷ್ಟು ಕೊಟ್ರಿ, ಅದನ್ನೂ ಹೇಳಿ" ಅಂದಳು.

ಹೇಳುತ್ತೇನೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಕಲಿಯುವಾಗ ನನ್ನದು ಅತಿ ಅಗ್ಗದ ಸ್ಟೆತಸ್ಕೋಪು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾದವರ ಆ ತಗ್ಗಿನ ಗುಡುಗುಡು ಸದ್ದನ್ನು ಅದರಲ್ಲೇ ಹಿಡಿಯುತ್ತಿದ್ದೆವು. ಇಲ್ಲಿ ರೆಸಿಡೆನ್ಸಿಗೆ ಸೇರಿ ಮೊದಲ ಸಂಬಳ ಬಂದಾಗ ಒಂದು ದುಬಾರಿಯದನ್ನು ಕೊಂಡೆ. ಕೇಳಿಸುವುದರಲ್ಲಿ ಅಗಾಧ ವ್ಯತ್ಯಾಸವಿತ್ತೆಂದು ಹೇಳಲಾರೆ. ಆದರೆ ಕಿವಿ ನೋಯುವುದಿಲ್ಲ, ಕೊಳವೆ ಬಿರಿದಾಗ ಹೊಸದು ಹಾಕಿಕೊಟ್ಟರು, ಇಂದಿಗೂ ಅದೇ ನನ್ನ ಕೊರಳಲ್ಲಿದೆ. ಬೂಟೀಕ್ ಪೆಡಲಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತೂ ಇದೇ. ಚಿಪ್ಪಿನ ಬೆಲೆ ಬಿಡಿ. ಹೆಸರಾಂತ ಟ್ಯೂಬ್ ಸ್ಕ್ರೀಮರ್ ಪೆಡಲಿನ 4558 ಚಿಪ್ ಇವತ್ತಿಗೂ ಒಂದು ಡಾಲರಿಗೂ ಕಡಿಮೆ. ಖರ್ಚಾಗುವುದು ಎರಕದ ಪೆಟ್ಟಿಗೆಗೆ, ಒದೆತ ತಾಳುವ ಸ್ವಿಚ್ಚಿಗೆ, ಬೆಸುಗೆ ಹಾಕುವವನ ಗಂಟೆಗಳಿಗೆ, ಅಂಗಡಿಯವನ ಪಾಲಿಗೆ, ಹತ್ತು ವರ್ಷದ ನಂತರ ಕೆಟ್ಟರೂ ಬಿಚ್ಚಿ ಸರಿಮಾಡುವವನೊಬ್ಬ ಇದ್ದಾನೆ ಎಂಬುದಕ್ಕೆ. ಇದಕ್ಕೆ ಇನ್ನೂರು ಚಿಲ್ಲರೆ ಕೊಡುವವನನ್ನು ನಾನು ದಡ್ಡ ಎನ್ನುವುದಿಲ್ಲ. ಹಳೆಯ ಸೆಂಟಾರಿಗೆ ಕೊಡುವ ಸಾವಿರಾರು ಡಾಲರಿನಲ್ಲಿ ಮಾತ್ರ, ಅದನ್ನು ಮಾಡಿದ ಕೈಗೆ ಒಂದು ಸೆಂಟೂ ಸೇರುವುದಿಲ್ಲ. ಆ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ. ಇನ್ನು ನಾದ ಮಾತ್ರ ಬೇಕೆನ್ನುವವರಿಗೆ 1978ರಿಂದ ಬರುತ್ತಿರುವ ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಇದೆ. ಕರ್ಟ್ ಕೊಬೇನ್, ಜೋ ಸಾಟ್ರಿಯಾನಿ ಇಬ್ಬರೂ ಒತ್ತಿದ್ದು ಅದನ್ನೇ.

ಕೊನೆಗೆ ಮಗ 400 ಡಾಲರಿನದನ್ನು ಕೊಳ್ಳಲಿಲ್ಲ, ಅಗ್ಗದ್ದನ್ನೂ ಕೊಳ್ಳಲಿಲ್ಲ. ಸೆಂಟಾರಿನ ಅದೇ ನಕ್ಷೆಯ ಬಿಡಿಭಾಗಗಳ ಕಿಟ್ ತರಿಸಿದ, 60 ಡಾಲರಿನ ಆಸುಪಾಸು. ಮೂರು ವಾರಾಂತ್ಯ ಗರಾಜಿನಲ್ಲಿ ಕೂತೆವು. ಅಕ್ಕಿ ಕಾಳಿನಷ್ಟು ದೊಡ್ಡ ರೆಸಿಸ್ಟರುಗಳ ಬಣ್ಣದ ಪಟ್ಟಿ ಓದುವುದು, ಜರ್ಮೇನಿಯಮ್ ಡಯೋಡಿಗೆ ಕಾವು ಜಾಸ್ತಿ ತಗಲದಂತೆ ಚಿಮಟದಲ್ಲಿ ಹಿಡಿಯುವುದು, 9 ವೋಲ್ಟನ್ನು ಒಳಗೇ 18ಕ್ಕೆ ಏರಿಸುವ ಪುಟ್ಟ ಚಿಪ್ಪನ್ನು ಕೂರಿಸುವುದು. ನಾನು ಟಾರ್ಚ್ ಹಿಡಿಯುವ ನರ್ಸ್, ಅವನು ಸರ್ಜನ್. ಎರಡನೆಯ ವಾರ ಅವನೇ, "ಅಪ್ಪಾ, ಅವರು 8000 ಮಾಡಿದ್ರಾ, ಹೀಗೇ ಕೂತ್ಕೊಂಡು?" ಎಂದು ಕೇಳಿದ. ಮೂರನೆಯ ಭಾನುವಾರ ಸಂಜೆ ತಂತಿ ಸಿಕ್ಕಿಸಿ ಒತ್ತಿದಾಗ ಕೆಂಪು ದೀಪ ಹತ್ತಿತು. ಪೆಟ್ಟಿಗೆಗೆ ಬಣ್ಣವಿಲ್ಲ, ಹೆಸರಿಲ್ಲ. ಅವನು ಅದನ್ನು ಒತ್ತಿ ನುಡಿಸುವಾಗ ಹೇಗಿರುತ್ತಾನೆ ಎಂಬುದನ್ನು ನೀವೇ ನವೆಂಬರಿನಲ್ಲಿ ನೋಡಬಹುದು, ರಾಜ್ಯೋತ್ಸವ ಕಾರ್ಯಕ್ರಮದ ಯುವವಾದ್ಯಗೋಷ್ಠಿಯಲ್ಲಿ.

ಉಳಿದ ದುಡ್ಡಿನಲ್ಲಿ ಅವನು ತಂತಿ ಕೊಂಡ, ಒಳ್ಳೆಯ ಇಯರ್‌ಪ್ಲಗ್ ಕೊಂಡ. ಎರಡನೆಯದು ನನ್ನ ಒತ್ತಾಯ. 85 ಡೆಸಿಬಲ್ ಸದ್ದನ್ನು ಕಿವಿ ಎಂಟು ಗಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100ಕ್ಕೆ ಬರುವ ಹೊತ್ತಿಗೆ ಕಾಲು ಗಂಟೆ. ಇದು ಕೊಲೆಸ್ಟರಾಲ್ ಅಲ್ಲವಾದ್ದರಿಂದ ಓದುಗರು ಕ್ಷಮಿಸಬೇಕು. ಹಾಲ್‌ನಲ್ಲಿ ಮುಂದಿನ ಎರಡು ಸಾಲುಗಳಲ್ಲಿ ಕೂರುವ ಹಿರಿಯರು ಹತ್ತಿ ತರಬೇಡಿ, ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಫೋಮ್ ಇಯರ್‌ಪ್ಲಗ್‌ಗಳ ಒಂದು ದೊಡ್ಡ ಡಬ್ಬವನ್ನು ಕೋಸಂಬರಿ ಮೇಜಿನ ಪಕ್ಕ ಇಟ್ಟಿರುತ್ತೇನೆ.